ಶಾಲೆಯ ಅಂಗಳದ ಮಣ್ಣನ್ನು ಓದುವ ಬಗೆ

ಗದಗ ಜಿಲ್ಲೆಯ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನನ್ನು ಭಾರತದ ಮಣ್ಣಿನ ಮುಖ್ಯ ಬಗೆಗಳಾವುವು ಎಂದು ಕೇಳಿದರೆ ಮೆಕ್ಕಲು, ಕಪ್ಪು, ಕೆಂಪು, ಜಂಬಿಟ್ಟಿಗೆ, ಮರುಭೂಮಿ ಮಣ್ಣು ಎಂದು ತಡವರಿಸದೆ ಹೇಳುತ್ತಾನೆ. ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಅದಕ್ಕೊಂದು ಪಾಠವಿದೆ. ಪರೀಕ್ಷೆಯಲ್ಲಿ ಅಂಕವೂ ಉಂಟು. ಅದೇ ವಿದ್ಯಾರ್ಥಿಯನ್ನು, ತಾನು ಕುಳಿತಿರುವ ಕೊಠಡಿಯ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರಿರುವ ಬಿರುಕಿಗೂ ಆ ಪಾಠಕ್ಕೂ ಏನು ಸಂಬಂಧ ಎಂದು ಕೇಳಿದರೆ ಉತ್ತರ ದೊರೆಯುವುದು ಅಪರೂಪ. ರೋಣ, ನರಗುಂದ ಭಾಗದ ಎರೆನೆಲದಲ್ಲಿ ಬಿರುಕಿಲ್ಲದ ಹಳೆಯ ಗೋಡೆ ಸಿಗುವುದು ಕಷ್ಟ. ಪಾಠವೂ ಬಿರುಕೂ ಒಂದೇ ಕೊಠಡಿಯಲ್ಲಿದ್ದು ಪರಸ್ಪರ ಪರಿಚಯವಿಲ್ಲದೆ ಉಳಿದಿವೆ.

ಇದಕ್ಕೆ ಮಕ್ಕಳನ್ನು ದೂರುವಂತಿಲ್ಲ. ಮಣ್ಣು ಪಠ್ಯದಲ್ಲಿ ನಕ್ಷೆಯ ಬಣ್ಣವಾಗಿ ಬರುತ್ತದೆ, ಮನೆಯಲ್ಲಿ ಬೈಗುಳವಾಗಿ ಬರುತ್ತದೆ. "ಓದದಿದ್ದರೆ ಮಣ್ಣು ಹೊರಬೇಕಾದೀತು" ಎಂಬ ಎಚ್ಚರಿಕೆಯನ್ನು ಕೇಳದೆ ಬೆಳೆದ ಹಳ್ಳಿಯ ಮಗು ವಿರಳ. ತಂದೆ ತಾಯಿಯರು ಅದನ್ನು ಒಳ್ಳೆಯ ಉದ್ದೇಶದಿಂದಲೇ ಹೇಳುತ್ತಾರೆ. ಆದರೆ ಮಣ್ಣೆಂದರೆ ಓದು ತಲೆಗೆ ಹತ್ತದವರ ಪಾಲು ಎಂಬ ಭಾವನೆಯು ಮಗುವಿನ ಮನಸ್ಸಿನಲ್ಲಿ ಬಹು ಬೇಗ ಬೇರೂರುತ್ತದೆ. ಮಳೆಯನ್ನೇ ನೆಚ್ಚಿ ಬೇಸಾಯ ಮಾಡುವ ಜಿಲ್ಲೆಗೆ ಇದರಿಂದಾಗುವ ನಷ್ಟ ಸಣ್ಣದಲ್ಲ. ಮಣ್ಣನ್ನು ಅರಿಯುವುದು ಓದಿನದೇ ಒಂದು ಭಾಗವೆಂದು ತೋರಿಸಿಕೊಡಲು ಶಾಲೆಗಿರುವಷ್ಟು ಅವಕಾಶ ಬೇರಾರಿಗೂ ಇಲ್ಲ. ಪ್ರತಿ ವರ್ಷ ಡಿಸೆಂಬರ್ 5ರಂದು ವಿಶ್ವ ಮಣ್ಣು ದಿನದ ಅಂಗವಾಗಿ ಭಾಷಣ, ಪ್ರಬಂಧ, ಘೋಷವಾಕ್ಯ ಸ್ಪರ್ಧೆಗಳು ನಡೆಯುತ್ತವೆ. ವಿಶ್ವಸಂಸ್ಥೆಯು 2013ರಲ್ಲಿ ಅಂಗೀಕರಿಸಿದ, 2014ರಿಂದ ಅಧಿಕೃತವಾಗಿ ಆಚರಣೆಯಲ್ಲಿರುವ ದಿನವದು. ಆಚರಣೆ ಇರಲಿ. ಆದರೆ ಯಾರ ಕೈಗೂ ಮಣ್ಣು ಹತ್ತದೆ ಮುಗಿಯುವ ಮಣ್ಣಿನ ದಿನದಿಂದ ಕಲಿಕೆಯನ್ನು ನಿರೀಕ್ಷಿಸಲಾಗದು.

ಶಿಕ್ಷಕರು, ಎಸ್‌ಡಿಎಂಸಿ ಸದಸ್ಯರು ಹಾಗೂ ಗ್ರಾಮ ಪಂಚಾಯಿತಿಯವರು ಕೂಡಿ, ಹೆಚ್ಚಿನ ಅನುದಾನಕ್ಕಾಗಿ ಕಾಯದೆ, ಆರನೆಯ ತರಗತಿಯಿಂದ ಮೇಲಿನ ಮಕ್ಕಳೊಡನೆ ಕೈಗೊಳ್ಳಬಹುದಾದ ಹೊರಾಂಗಣ ಕಲಿಕೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಒಂದು ಗುಂಡಿ

ಮಣ್ಣಿನ ಕಲಿಕೆಗೆ ಜಿಲ್ಲೆಯೇ ಒಂದು ಪ್ರಯೋಗಾಲಯ. ರೋಣ, ನರಗುಂದದ ಬಯಲಿನಲ್ಲಿ ಆಳವಾದ ಎರೆ. ಕಪ್ಪತಗುಡ್ಡದ ಸುತ್ತಣ ಮುಂಡರಗಿ, ಶಿರಹಟ್ಟಿ ಭಾಗದಲ್ಲಿ ಮಸಾರಿ, ಮತ್ತು ಎರೆ-ಮಸಾರಿ ಬೆರೆತ ನೆಲ. ಕೆಲವು ಊರುಗಳಲ್ಲಿ ಹಳ್ಳದ ಈಚೆಗೆ ಒಂದು ಬಗೆಯಿದ್ದರೆ ಆಚೆಗೆ ಇನ್ನೊಂದಿರುತ್ತದೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ಈ ಸೀಮೆಯಲ್ಲಿ ಯಾವ ಬೆಳೆ, ಯಾವ ಹಂಗಾಮು ಎಂಬುದನ್ನು ಬಹುಮಟ್ಟಿಗೆ ಈ ವ್ಯತ್ಯಾಸವೇ ನಿರ್ಧರಿಸಿದೆ. ಮಸಾರಿಯವರು ಮುಂಗಾರಿಗೆ ಶೇಂಗಾ, ಸಜ್ಜೆ ಬಿತ್ತಿದರೆ, ಎರೆಯವರು ಮಳೆಯ ನೀರನ್ನು ನೆಲದಲ್ಲಿಯೇ ಕೂಡಿಟ್ಟುಕೊಂಡು ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುತ್ತಾರೆ.

ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಮೊದಲು ಶಾಲಾ ಆವರಣದ ಒಂದು ಬದಿಯಲ್ಲಿ, ಕಟ್ಟಡದಿಂದ ಕನಿಷ್ಠ 5 ಮೀಟರ್ ದೂರದಲ್ಲಿ, ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಆಳದ ಗುಂಡಿಯೊಂದನ್ನು ತೆಗೆಯಿಸತಕ್ಕದ್ದು. ಒಂದು ಬದಿ ಮೆಟ್ಟಿಲಿನಂತಿರಲಿ, ಎದುರು ಬದಿ ನೆಟ್ಟಗಿರಲಿ. ನೆಟ್ಟಗಿರುವ ಗೋಡೆಗೆ ಬಿಸಿಲು ಬೀಳುವಂತಿದ್ದರೆ ಬಣ್ಣಗಳು ಚೆನ್ನಾಗಿ ಕಾಣುತ್ತವೆ. ಅದನ್ನು ಸಲಿಕೆಯಿಂದ ನಯಗೊಳಿಸದೆ, ಚೂರಿಯ ತುದಿಯಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಿದರೆ ಮಣ್ಣು ತನ್ನ ಸಹಜ ರೂಪದಲ್ಲಿ ಒಡೆದು ತೋರುತ್ತದೆ.

ಮಸಾರಿ ನೆಲದಲ್ಲಿ ಒಂದು ಗೇಣಿನ ಕೆಳಗೆ ಗರಸು, ಅದರ ಕೆಳಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕೊಳೆತ ಕಲ್ಲು ಕಾಣಿಸುವುದುಂಟು. ಕಲ್ಲು ಮಣ್ಣಾಗುವುದೆಂದು ಪುಸ್ತಕದಲ್ಲಿ ಓದಿದ ಮಗು, ಅರ್ಧ ಕಲ್ಲು ಅರ್ಧ ಮಣ್ಣಾಗಿರುವ ವಸ್ತುವನ್ನು ಅಲ್ಲಿ ಕೈಯಲ್ಲಿ ಹಿಡಿಯುತ್ತದೆ. ಒಂದು ಸೆಂ.ಮೀ. ಮೇಲ್ಮಣ್ಣು ಉಂಟಾಗಲು ನೂರಾರು ವರ್ಷ ಬೇಕೆಂಬ ಮಾತಿಗೆ ಆಗ ತೂಕ ಬರುತ್ತದೆ. ಎರೆನೆಲದ ಗುಂಡಿ ಬೇರೆಯೇ ಕಥೆ ಹೇಳುತ್ತದೆ. ಮೇಲಿಂದ ಕೆಳಗಿನವರೆಗೆ ಒಂದೇ ಕಪ್ಪು. ನಡುನಡುವೆ ಬಿಳಿಯ ಸುಣ್ಣದ ಹರಳುಗಳು. ಕೆಳಭಾಗದ ಹೆಂಟೆಗಳನ್ನು ಬಿಡಿಸಿದರೆ ಎಣ್ಣೆ ಸವರಿದಂತೆ ಹೊಳೆಯುವ ಮೈ. ನೆನೆದು ಹಿಗ್ಗಿದ ಮಣ್ಣು ಮತ್ತೊಂದು ಮಣ್ಣನ್ನು ತಳ್ಳುತ್ತ ಉಜ್ಜಿಕೊಂಡು ಜಾರಿದ ಗುರುತದು. ಬಿಳಿಯ ಹರಳಿನ ಮೇಲೆ ನಿಂಬೆರಸವನ್ನೋ ವಿನೆಗರನ್ನೋ ಹನಿಸಿದರೆ ನೊರೆಯೇಳುತ್ತದೆ. ಅದು ಸುಣ್ಣವೆಂಬುದಕ್ಕೆ ಅಷ್ಟು ಸಾಕ್ಷ್ಯ ಸಾಕು. ಶೌಚಾಲಯ ತೊಳೆಯುವ ಆಮ್ಲವನ್ನು ಈ ಕೆಲಸಕ್ಕೆ ಎಂದಿಗೂ ಬಳಸಕೂಡದು.

ಶಾಲೆಯಲ್ಲಿ ಜಾಗವಿಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಕಾಮಗಾರಿಗಳೇ ನೆರವಿಗೆ ಬರುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ಕಂದಕ ಬದು, ಇಂಗುಗುಂಡಿ, ಕೃಷಿ ಹೊಂಡಗಳ ಅಗೆತ ನಡೆದಿರುತ್ತದೆ; ಶಾಲೆಗಳೂ ತೆರೆದಿರುತ್ತವೆ. ಹೊಸದಾಗಿ ತೋಡಿದ ಕಂದಕದ ಬದಿ ಮಳೆಯಾಗುವವರೆಗೆ ಒಂದು ತೆರೆದ ಪುಟವಿದ್ದಂತೆ.

ಮಣ್ಣೆತ್ತು ಮತ್ತು ಬಾಟಲಿ

ಮಣ್ಣಿನ ಕಣಗಳ ಗಾತ್ರವನ್ನು ಕುರಿತ ಪಾಠಕ್ಕೆ ಮಣ್ಣೆತ್ತಿನ ಅಮಾವಾಸ್ಯೆಗಿಂತ ಒಳ್ಳೆಯ ದಿನ ಮತ್ತೊಂದಿಲ್ಲ. ಕಾರಹುಣ್ಣಿಮೆಯಾದ ಹದಿನೈದನೆಯ ದಿನಕ್ಕೆ, ಶಾಲೆ ತೆರೆದ ಕೆಲವು ವಾರಗಳಲ್ಲಿಯೇ ಅದು ಬರುತ್ತದೆ. ಎತ್ತು ಮಾಡಲು ಯಾವ ಹಳ್ಳದ, ಯಾವ ಕೆರೆಯಂಗಳದ ಮಣ್ಣು ತರಬೇಕು, ಯಾವ ಮಣ್ಣಿನ ಕೊಂಬು ನಿಲ್ಲದೆ ಮುರಿಯುತ್ತದೆ ಎಂಬುದು ಊರ ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ. ಶಿಕ್ಷಕರು ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಮಕ್ಕಳಲ್ಲಿರುವ ಆ ತಿಳಿವಳಿಕೆಗೆ ಅಳತೆಯನ್ನು ಜೋಡಿಸಿದರಾಯಿತು.

ಕ್ರಮ ಸರಳವಾದದ್ದು. ಹಿಡಿ ಮಣ್ಣಿನಿಂದ ಕಲ್ಲು, ಬೇರು ತೆಗೆದು, ರೊಟ್ಟಿಯ ಹಿಟ್ಟಿನ ಹದಕ್ಕೆ ನಾದಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತುತ್ತ ಪಟ್ಟಿಯಂತೆ ಹೊರಚಾಚಿಸಬೇಕು. ಪಟ್ಟಿಯೇ ಬಾರದಿದ್ದರೆ ಮರಳು ಮಣ್ಣು. ಎರಡೂವರೆ ಸೆಂ.ಮೀ. ಒಳಗೆ ಮುರಿದುಬಿದ್ದರೆ ಗೋಡು ಮಣ್ಣು. ಐದು ಸೆಂ.ಮೀ. ಮೀರಿಯೂ ಮುರಿಯದೆ ಜೋತುಬಿದ್ದರೆ ಜೇಡಿ. ಎತ್ತಿನ ಕೊಂಬಿಗೆ ಬೇಕಾದುದು ಇದೇ ಗುಣ. ನಂತರ ಅದೇ ಮಣ್ಣಿನ ಗೋಲಿಗಳನ್ನು ಬಿಸಿಲಲ್ಲಿ ಒಣಗಿಸಿ ಬೆರಳಲ್ಲಿ ಒಡೆಯಲು ಹೇಳಬಹುದು. ಮರಳು ಮಸಾರಿಯ ಗೋಲಿ ಸುಲಭವಾಗಿ ಪುಡಿಯಾಗುತ್ತದೆ. ಎರೆಯ ಗೋಲಿ ಹತ್ತನೆಯ ತರಗತಿಯ ಹುಡುಗರಿಗೂ ಬಗ್ಗುವುದಿಲ್ಲ. ರಸ್ತೆ, ಕಟ್ಟಡದ ಕೆಲಸಗಳಲ್ಲಿ ಎಂಜಿನಿಯರುಗಳು ಸ್ಥಳದಲ್ಲಿಯೇ ಮಣ್ಣನ್ನು ಗುರುತಿಸಲು ಇಂದಿಗೂ ಮಾಡುವ ಪರೀಕ್ಷೆ ಇದೇ ಎಂಬುದನ್ನು ಮಕ್ಕಳಿಗೆ ತಿಳಿಸಿದರೆ ಅವರಿಗೆ ಹಿಗ್ಗಾಗುವುದು ನಿಶ್ಚಯ.

ಎರಡನೆಯದು ಬಾಟಲಿಯ ಪರೀಕ್ಷೆ. ಬದಿಗಳು ನೇರವಾಗಿರುವ ಒಂದು ಲೀಟರಿನ ಪಾರದರ್ಶಕ ಬಾಟಲಿಯ ಮೂರನೆಯ ಒಂದು ಭಾಗಕ್ಕೆ ಪುಡಿಮಾಡಿದ ಮಣ್ಣು, ಉಳಿದುದಕ್ಕೆ ನೀರು, ಜೊತೆಗೆ ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ. ಐದು ನಿಮಿಷ ಚೆನ್ನಾಗಿ ಕುಲುಕಿ ಅಲುಗಾಡದಂತೆ ಇಡಬೇಕು. ಒಂದು ನಿಮಿಷದೊಳಗೆ ತಳಕ್ಕಿಳಿದದ್ದು ಮರಳು; ಎರಡು ಗಂಟೆಯೊಳಗೆ ಅದರ ಮೇಲೆ ಕುಳಿತದ್ದು ಗೋಡು; ಎರಡು ದಿನ ಕಳೆದ ಮೇಲೂ ನೀರನ್ನು ಕದಡಿಟ್ಟಿರುವುದು, ಅಥವಾ ತೆಳ್ಳಗೆ ಮೇಲೆ ಕೂತಿರುವುದು ಜೇಡಿ. ಪ್ರತಿ ಗಡುವಿಗೂ ಬಾಟಲಿಯ ಮೇಲೆ ಗೆರೆ ಎಳೆದು ಸ್ಕೇಲಿನಿಂದ ಅಳೆದರೆ ಶೇಕಡಾವಾರು ಲೆಕ್ಕ ತಾನಾಗಿ ದೊರೆಯುತ್ತದೆ. ಜೇಡಿಯ ಕಣ 0.002 ಮಿ.ಮೀ.ಗಿಂತಲೂ ಸಣ್ಣದು. ಬರಿಗಣ್ಣಿಗೆ ಕಾಣದ ಅಷ್ಟು ಸಣ್ಣ ಅಳತೆಯನ್ನು ಗಡಿಯಾರ ಒಂದರಿಂದಲೇ ಬೇರ್ಪಡಿಸಬಹುದೆಂಬುದು ಈ ಪರೀಕ್ಷೆಯ ಸೊಗಸು. ಪ್ರಯೋಗಾಲಯದ ನಿಖರತೆಯನ್ನು ಇದರಿಂದ ಬಯಸಬಾರದು.

ಇಲ್ಲೊಂದು ವಿಷಯವನ್ನು ಶಿಕ್ಷಕರು ಗಮನಿಸಬೇಕು. ಸೋಪಿನ ಪುಡಿಯಿಲ್ಲದೆ ಒಂದೇ ಮಣ್ಣನ್ನು ಎರಡು ಬಾಟಲಿಗಳಲ್ಲಿ ಹಾಕಿ, ಒಂದಕ್ಕೆ ಕೊಳವೆಬಾವಿಯ ಗಡಸು ನೀರನ್ನೂ ಮತ್ತೊಂದಕ್ಕೆ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ ಮಳೆನೀರನ್ನೋ ಹಾಕಿದರೆ, ಸಾಮಾನ್ಯವಾಗಿ ಗಡಸು ನೀರಿನ ಬಾಟಲಿಯೇ ಮೊದಲು ತಿಳಿಯಾಗುತ್ತದೆ. ಕೊಳಕಾದದ್ದು ಶುದ್ಧ ನೀರೇ ಎಂದು ಮಕ್ಕಳು ಬೆರಗಾಗುತ್ತಾರೆ. ಗಡಸು ನೀರಿನ ಲವಣಗಳು ಜೇಡಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಮುದ್ದೆಮಾಡಿ ಕೆಳಗಿಳಿಸುತ್ತವೆ. ಲವಣವಿಲ್ಲದ ಮಳೆನೀರಿನಲ್ಲಿ ಅವು ಬಿಡಿಬಿಡಿಯಾಗಿ ತೇಲುತ್ತಲೇ ಇರುತ್ತವೆ. ಹಳ್ಳಕ್ಕೆ ಹೊಸ ಮಳೆಯ ನೀರು ಬಂದಾಗ ದಿನಗಟ್ಟಲೆ ಕೆಂಪಾಗಿ ಇಲ್ಲವೇ ಕಪ್ಪಾಗಿ ನಿಲ್ಲುವುದಕ್ಕೂ ಇದೇ ಕಾರಣವೆಂಬುದನ್ನು ಮಕ್ಕಳು ತಾವೇ ಹೇಳುವವರೆಗೆ ಶಿಕ್ಷಕರು ತಾಳ್ಮೆಯಿಂದಿದ್ದರೆ ಒಳಿತು.

ಗೋಡೆಯ ಬಿರುಕು

ಇನ್ನು ಕಿಟಕಿಯ ಮೂಲೆಯ ಬಿರುಕಿಗೆ ಬರಬಹುದು. 14 ಸೆಂ.ಮೀ. ಉದ್ದದ ಪಿವಿಸಿ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ, ಒಳಮೈಗೆ ಎಣ್ಣೆ ಸವರಿ, ಒಂದು ಹೋಳಿಗೆ ಎರೆಮಣ್ಣಿನ ಕೆಸರನ್ನೂ ಇನ್ನೊಂದಕ್ಕೆ ಮಸಾರಿಯ ಕೆಸರನ್ನೂ ತುಂಬಿ ನೆರಳಿನಲ್ಲಿ ಒಣಗಿಸಬೇಕು. ಮೂರು ನಾಲ್ಕು ದಿನಗಳಲ್ಲಿ ಎರೆಯ ಪಟ್ಟಿ ಎರಡೂ ತುದಿಗಳನ್ನು ಬಿಟ್ಟು ಒಳಕ್ಕೆ ಸರಿದಿರುತ್ತದೆ, ಕೆಲವೊಮ್ಮೆ ದೋಣಿಯಂತೆ ಬಾಗಿರುತ್ತದೆ. ಮಸಾರಿಯದು ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತದೆ. ಒಣಗಿದ ಪಟ್ಟಿ 12 ಸೆಂ.ಮೀ. ಇದ್ದರೆ ಏಳರಲ್ಲಿ ಒಂದು ಪಾಲು ಕುಗ್ಗಿದಂತಾಯಿತು. ಅಷ್ಟೇ ಪಟ್ಟಿಯನ್ನು ಮತ್ತೆ ನೆನೆಸಿದರೆ ಹಿಗ್ಗುವುದನ್ನೂ ಕಾಣಬಹುದು.

ಎರೆಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವಿದೆ. ಅದರ ಕಣವು ಹಾಳೆಗಳ ಕಟ್ಟಿನಂತಿದ್ದು, ನೀರು ಹಾಳೆಗಳ ನಡುವೆಯೇ ನುಗ್ಗುವುದರಿಂದ ಇಡೀ ಕಟ್ಟು ಉಬ್ಬುತ್ತದೆ. ಬೇಸಿಗೆಯಲ್ಲಿ ಕಟ್ಟಡದ ಹೊರಬದಿಯ ನೆಲ ಒಣಗಿ ಕುಗ್ಗುತ್ತದೆ. ಕಟ್ಟಡದ ಅಡಿಯ ನೆಲಕ್ಕೆ ಬಿಸಿಲು ತಾಗದೆ ತೇವ ಉಳಿಯುತ್ತದೆ. ಮಳೆ ಬಿದ್ದಾಗ ಹೊರಬದಿ ಮೊದಲು ನೆನೆದು ಮೇಲೇಳುತ್ತದೆ. ಹೀಗೆ ಗೋಡೆಯ ಒಂದು ಭಾಗ ಏಳುತ್ತ, ಇನ್ನೊಂದು ಕುಸಿಯುತ್ತ ವರ್ಷಗಳು ಕಳೆದಂತೆ, ಗೋಡೆಯಲ್ಲಿ ದುರ್ಬಲವಾದ ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಬಿರುಕು ಹೊರಡುತ್ತದೆ. ಆಳವಾದ ಎರೆಯಲ್ಲಿ ಈ ಋತುಮಾನದ ಏರಿಳಿತವು ಮೂರೂವರೆ ಮೀಟರ್ ಆಳದವರೆಗೂ ಇರಬಲ್ಲದು. ಹಿಂದಿನ ತಲೆಮಾರಿನ ಅಡಿಪಾಯಗಳು ಅಷ್ಟು ಆಳಕ್ಕೆ ಹೋಗಿಲ್ಲ. ಇಂತಹ ನೆಲದ ಮೇಲೆ ಹಿಗ್ಗದ ಅಂಟುಮಣ್ಣಿನ ಪದರವೊಂದನ್ನು ಹಾಸಿ ಉಬ್ಬರವನ್ನು ತಡೆಯುವ ವಿಧಾನವನ್ನು ರೂಪಿಸಿದವರು ಬಾಂಬೆ ಐಐಟಿಯ ಪ್ರೊ. ಆರ್.ಕೆ. ಕಟ್ಟಿ ಅವರು. ಎಂಜಿನಿಯರಿಂಗ್ ಓದಬಯಸುವ ಮಕ್ಕಳಿಗೆ ಈ ಹೆಸರನ್ನು ಹೇಳಬಹುದು.

ಬಿರುಕಿನ ಎರಡೂ ಬದಿಗೆ ಸೀಸದಕಡ್ಡಿಯಿಂದ ಒಂದೊಂದು ಚುಕ್ಕೆಯಿಟ್ಟು, ಪ್ರತಿ ತಿಂಗಳ ಮೊದಲ ಶನಿವಾರ ನಡುವಿನ ಅಂತರವನ್ನು ಅಳೆದು ದಿನಾಂಕದೊಡನೆ ಬರೆಯುವ ಹೊಣೆಯನ್ನು ಇಬ್ಬರು ಮಕ್ಕಳಿಗೆ ವಹಿಸಬಹುದು. ಫೆಬ್ರವರಿಯ ಅಳತೆಗೂ ಸೆಪ್ಟೆಂಬರಿನದಕ್ಕೂ ವ್ಯತ್ಯಾಸವಿದ್ದರೆ ನೆಲವು ಉಸಿರಾಡಿದಂತೆ ಹಿಗ್ಗಿ ಕುಗ್ಗುವುದು ಕಾಗದದ ಮೇಲೆ ಮೂಡುತ್ತದೆ. ಅಂತರವು ಋತುಮಾನವನ್ನು ಲೆಕ್ಕಿಸದೆ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಲೇ ಹೋದರೆ ಅದು ಪಾಠದ ವಿಷಯವಾಗಿ ಉಳಿಯುವುದಿಲ್ಲ. ಮುಖ್ಯೋಪಾಧ್ಯಾಯರು ತಡಮಾಡದೆ ಆ ಅಳತೆಯ ಪುಸ್ತಕದೊಂದಿಗೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗಕ್ಕೆ ಬರೆಯತಕ್ಕದ್ದು, ಕೊಠಡಿಯನ್ನು ತೆರವುಗೊಳಿಸತಕ್ಕದ್ದು. ಗೋಡೆಯ ಬುಡಕ್ಕೆ ನೀರು ನಿಲ್ಲದಂತೆ ಇಳಿಜಾರು ಹಾಸು, ಚರಂಡಿ ಮಾಡಿಸುವುದು, ಕೈತೊಳೆಯುವ ನೀರನ್ನು ಅಲ್ಲಿಂದ ದೂರ ಒಯ್ಯುವುದು ಗ್ರಾಮ ಪಂಚಾಯಿತಿಯ ಕೈಯಲ್ಲೇ ಇರುವ ಪರಿಹಾರಗಳು.

ಇಳಿಯುವ ನೀರು, ಹರಿಯುವ ಮಣ್ಣು

10 ಸೆಂ.ಮೀ. ವ್ಯಾಸದ ತಗಡಿನ ಡಬ್ಬಿಯ ಎರಡೂ ಮುಖ ಕತ್ತರಿಸಿ, ಅಂಚುಗಳನ್ನು ಬಡಿದು ಮೊಂಡುಮಾಡಿ, ನೆಲಕ್ಕೆ ಮೂರು ಬೆರಳಿನಷ್ಟು ಇಳಿಸಿದರೆ ನೀರು ಇಂಗುವ ವೇಗವನ್ನು ಅಳೆಯುವ ಸಾಧನ ಸಿದ್ಧ. ಇದಕ್ಕೆ 200 ಮಿ.ಲೀ. ನೀರು ಹೊಯ್ದರೆ ಅದು ಸುಮಾರು 25 ಮಿ.ಮೀ. ಮಳೆಗೆ ಸಮ. ಆಟದ ಮೈದಾನದ ತುಳಿದ ನೆಲ, ಬೇವಿನ ಮರದಡಿ, ಊಳಿದ ಹೊಲ, ಹುಲ್ಲಿರುವ ಬದು — ನಾಲ್ಕು ಕಡೆ ಒಂದೇ ಹೊತ್ತಿಗೆ ಪ್ರಯೋಗ ನಡೆಸಿ ಸಮಯ ಬರೆಯಬೇಕು. ಬಿರುಕುಬಿಟ್ಟ ಎರೆಯಲ್ಲಿ ಮೊದಲ ನೀರು ಗಟಗಟನೆ ಇಳಿದುಹೋಗಿ, ಎರಡನೆಯ, ಮೂರನೆಯ ಸಲದ ನೀರು ಮೇಲೆಯೇ ನಿಲ್ಲುವುದನ್ನು ಕಂಡ ಮಕ್ಕಳಿಗೆ, ಮೊದಲ ಮಳೆಗೆ ಹಳ್ಳ ಬಾರದೆ ನಂತರದ ಮಳೆಗೆ ಬರುವುದೇಕೆ ಎಂಬುದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ನೀರು ಇಳಿಯದಿದ್ದರೆ ಹರಿಯುತ್ತದೆ. ಹರಿಯುವಾಗ ಮಣ್ಣನ್ನು ಒಯ್ಯುತ್ತದೆ. ಎಷ್ಟು ಒಯ್ಯುತ್ತದೆ ಎಂಬುದೇ ಇಡೀ ಕ್ರಮದಲ್ಲಿ ಅತ್ಯಂತ ಮುಖ್ಯವಾದ ಪ್ರಶ್ನೆ. ಅರ್ಧ ಮೀಟರ್ ಉದ್ದದ ಕಬ್ಬಿಣದ ಸರಳುಗಳಿಗೆ ನಡುಮಧ್ಯದಲ್ಲಿ ಬಣ್ಣದ ಗೆರೆ ಬಳಿದು, ಭೂಮಾಲೀಕರ ಒಪ್ಪಿಗೆ ಪಡೆದು, ಇಳಿಜಾರಿನ ಹೊಲದ ಅಂಚಿನಲ್ಲಿ ಗೆರೆಯು ನೆಲದ ಮಟ್ಟಕ್ಕೆ ಬರುವಂತೆ ಜೂನ್ ತಿಂಗಳಲ್ಲಿ ನೆಡಬೇಕು. ಮೊನೆ ಕಾಲಿಗೆ ತಾಗದಂತೆ ಮೇಲ್ತುದಿಗೆ ಪ್ಲಾಸ್ಟಿಕ್ ಬಾಟಲಿ ಕವಚಿಡುವುದನ್ನು ಮರೆಯಬಾರದು. ಹಿಂಗಾರು ಮಳೆ ಮುಗಿದ ಮೇಲೆ ಗೆರೆಯು ನೆಲದಿಂದ ಎಷ್ಟು ಮೇಲಿದೆ ಎಂದು ನೋಡಿದರೆ ಅಷ್ಟು ಮಣ್ಣು ಹೋದಂತೆ.

ಒಂದು ಮಿಲಿಮೀಟರ್ ಎಂದರೆ ಏನೂ ಅಲ್ಲವೆಂದು ತೋರುತ್ತದೆ. ಏಳನೆಯ ತರಗತಿಯ ಮಕ್ಕಳೇ ಲೆಕ್ಕ ಹಾಕಲಿ: ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲಿಂದ ಒಂದು ಮಿ.ಮೀ. ಹೋದರೆ ನಾಲ್ಕು ಘನ ಮೀಟರ್. ತೂಕದಲ್ಲಿ ಐದು ಟನ್ನಿನಷ್ಟು. ನೂರು ಘನ ಅಡಿ ಹಿಡಿಯುವ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹೇರಿದರೆ ಒಂದೂವರೆ ಟ್ರಿಪ್ಪಿಗೆ ಹತ್ತಿರ. ಯಾರಾದರೂ ರಾತ್ರಿ ಬಂದು ಹೊಲದಿಂದ ಒಂದೂವರೆ ಟ್ರ್ಯಾಕ್ಟರ್ ಮಣ್ಣು ಕದ್ದೊಯ್ದರೆ ಊರೇ ಸೇರುತ್ತದೆ. ಮಳೆ ಒಯ್ದರೆ ಯಾರಿಗೂ ಸುದ್ದಿಯಿಲ್ಲ. ಹೀಗೆ ಹೋಗುವುದು ಗೊಬ್ಬರ ಹಾಕಿ ಹದಗೊಳಿಸಿದ, ಅತ್ಯಂತ ಫಲವತ್ತಾದ ಮೇಲ್ಪದರವೇ ಆಗಿರುತ್ತದೆ. ಹೋದ ಮಣ್ಣು ಎಲ್ಲಿ ಸೇರಿತು ಎಂಬುದಕ್ಕೆ ಬೇಸಿಗೆಯಲ್ಲಿ ಒಣಗಿದ ಚೆಕ್ ಡ್ಯಾಮಿನ ಅಂಗಳವೇ ಉತ್ತರ; ಅಲ್ಲಿ ಕೂತ ಹೂಳಿನ ಆಳ, ಉದ್ದ, ಅಗಲ ಅಳೆದರೆ ಎರಡನೆಯ ಲೆಕ್ಕವೂ ಸಿದ್ಧ. ಕೆರೆಯ ಹೂಳನ್ನು ಹೊಲಕ್ಕೆ ಹೇರುವ ಹಿರಿಯರ ಪದ್ಧತಿಯ ಅರ್ಥವೂ ಅಲ್ಲಿಯೇ ಸ್ಪಷ್ಟವಾಗುತ್ತದೆ.

ಮಣ್ಣಿನೊಳಗಿನ ಜೀವ

ಶುದ್ಧ ಹತ್ತಿಯ ಬಟ್ಟೆಯ ಗೇಣುದ್ದದ ತುಂಡುಗಳನ್ನು — ಬೆಟಗೇರಿಯ ಮಗ್ಗದ ಬಟ್ಟೆಯಾದರೆ ಇನ್ನೂ ಚೆನ್ನ — ಶಾಲಾ ಕೈತೋಟದ ಮಡಿಯಲ್ಲೊಂದು, ಮೈದಾನದಲ್ಲೊಂದು, 15 ಸೆಂ.ಮೀ. ಆಳದಲ್ಲಿ ಹೂತು, ಪಕ್ಕದಲ್ಲಿ ಒಂದೊಂದು ಪ್ಲಾಸ್ಟಿಕ್ ಚೀಟಿಯನ್ನೂ ಹೂಳಬೇಕು. ಮಳೆಗಾಲದ ಎರಡು ತಿಂಗಳು ಕಳೆದು ತೆಗೆದರೆ, ಜೀವವಿರುವ ಮಣ್ಣು ಬಟ್ಟೆಯನ್ನು ತಿಂದು ಎಳೆಗಳನ್ನಷ್ಟೇ ಉಳಿಸಿರುತ್ತದೆ. ಮೈದಾನದ ತುಂಡು ಮಾಸಿದ್ದರೂ ಹರಿದಿರುವುದು ಕಡಿಮೆ. ಪ್ಲಾಸ್ಟಿಕ್ ಹಾಕಿದಂತೆಯೇ ಇರುತ್ತದೆ. ಬಟ್ಟೆಯನ್ನು ತಿಂದದ್ದು ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು. ಅವು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅವುಗಳ ಊಟದ ಎಲೆಯನ್ನು ನೋಡಿ ಇರವನ್ನು ತಿಳಿಯಬೇಕಾಗುತ್ತದೆ. ಎರೆಹುಳುಗಳನ್ನಾದರೆ ಮಳೆಯಾದ ಮಾರನೆಯ ದಿನ ಒಂದಡಿ ಚೌಕದ ಮಣ್ಣನ್ನು ಗೋಣಿಯ ಮೇಲೆ ಹರವಿ ಎಣಿಸಿ, ತಿರುಗಿ ಮಣ್ಣಿಗೇ ಬಿಡಬಹುದು. ಬಿಸಿಯೂಟದ ತಟ್ಟೆ ತೊಳೆದ ನೀರು ಹರಿಯುವ ಕಡೆ ಎಣಿಕೆ ಹೆಚ್ಚಿರುವುದು ಸಹಜ.

ಮನೆಯ ಪೆಟ್ಟಿಗೆಯಲ್ಲಿರುವ ಕಾರ್ಡ್

ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಕಾರ್ಡ್ ಯೋಜನೆ 2015ರಲ್ಲಿ ಆರಂಭವಾಯಿತು. ಅನೇಕ ರೈತರ ಮನೆಗಳಲ್ಲಿ ಕಾರ್ಡ್ ಇದೆ. ಪಹಣಿ, ಪಾಸ್‌ಬುಕ್ಕಿನೊಡನೆ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಓದಿದವರು ಕಡಿಮೆ. ಅದರಲ್ಲಿ 12 ಅಂಶಗಳಿರುತ್ತವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಹಾಗೂ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್ ಎಂಬ ಲಘು ಪೋಷಕಗಳು. ಎಂಟನೆಯ ತರಗತಿಯ ಮಗು ಮನೆಯ ಕಾರ್ಡನ್ನು ಶಾಲೆಗೆ ತಂದು, ಸಾವಯವ ಇಂಗಾಲದ ಸಾಲನ್ನು ಓದಿ, ಅದು ಶೇ. 0.5ಕ್ಕಿಂತ ಕಡಿಮೆಯಿದ್ದರೆ ಕೊರತೆಯೆಂದು ಮನೆಯಲ್ಲಿ ಹೇಳುವಂತಾದರೆ ಆ ಕಾರ್ಡಿನ ಉದ್ದೇಶ ಈಡೇರಿದಂತೆ. ಎಷ್ಟೋ ಮನೆಗಳಲ್ಲಿ ಓದಬಲ್ಲವರು ಮಕ್ಕಳೇ ಆಗಿರುವುದರಿಂದ ಇದನ್ನು ಕೇವಲ ಶಾಲಾ ಚಟುವಟಿಕೆಯೆಂದು ಭಾವಿಸಲಾಗದು.

ಮಾದರಿ ತೆಗೆಯುವ ವಿಧಾನವನ್ನೂ ಮಕ್ಕಳು ಕಲಿಯಬಹುದು. ಹೊಲದ ಎಂಟು ಹತ್ತು ಕಡೆ ಇಂಗ್ಲಿಷಿನ ವಿ ಆಕಾರದ ಗುಳಿ ತೋಡಿ, 15 ಸೆಂ.ಮೀ. ಆಳದವರೆಗಿನ ಬದಿಯ ಮಣ್ಣನ್ನು ಸಮವಾಗಿ ಕೆರೆದು, ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಡುತ್ತ ಹೋಗಿ ಅರ್ಧ ಕಿಲೋ ಉಳಿಸುವುದು. ಗೊಬ್ಬರದ ಗುಂಡಿಯ ಬಳಿ, ಮರದ ನೆರಳಲ್ಲಿ, ಬದುವಿನ ಮೇಲೆ ಮಾದರಿ ತೆಗೆಯಬಾರದು. ಮಾದರಿಯನ್ನು ರೈತ ಸಂಪರ್ಕ ಕೇಂದ್ರಕ್ಕೆ ತಲುಪಿಸಬಹುದು. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಕ್ಕಳ ಭೇಟಿಯನ್ನು ಏರ್ಪಡಿಸುವುದೂ ಪ್ರಯೋಜನಕಾರಿ.

ಗುದ್ದಲಿ ಯಾರ ಕೈಯಲ್ಲಿ

ಈ ಕ್ರಮವು ಎಡವುವುದಾದರೆ ಇಲ್ಲಿ ಎಡವುತ್ತದೆ. ಶಾಲೆಯಲ್ಲಿ ಮಣ್ಣಿನ ಕೆಲಸವೆಂದಾಗ ಗುದ್ದಲಿಯು ಕೆಲವು ಮಕ್ಕಳ ಕೈಗೂ ಪುಸ್ತಕವು ಬೇರೆ ಮಕ್ಕಳ ಕೈಗೂ ಹೋಗುವ ಅಪಾಯವಿದೆ. ಹಾಗೆ ಹೋಗುವಾಗ ಜಾತಿ, ಮನೆಯ ಬಡತನ, ಹುಡುಗಿಯರು ನೀರು ತರಲಿ ಎಂಬ ರೂಢಿ ಮೂರೂ ಕೆಲಸ ಮಾಡುತ್ತವೆ. ಆದುದರಿಂದ ಅಗೆಯುವುದು, ಅಳೆಯುವುದು, ಬರೆಯುವುದು, ತೊಳೆಯುವುದು ಈ ನಾಲ್ಕೂ ಪ್ರತಿ ವಾರ ಸರದಿಯಂತೆ ಎಲ್ಲರಿಗೂ ಬರಬೇಕು. ಸರದಿಯ ಪಟ್ಟಿಯನ್ನು ಗೋಡೆಗೆ ಅಂಟಿಸಬೇಕು. ಶಿಕ್ಷೆಯ ರೂಪದಲ್ಲಿ ಯಾವ ಮಗುವಿಗೂ ಮಣ್ಣಿನ ಕೆಲಸ ಕೊಡಕೂಡದು. ಮುಕ್ಕಾಲು ಮೀಟರಿನ ಗುಂಡಿಯನ್ನು ತೆಗೆಯುವುದು ದೊಡ್ಡವರ ಕೆಲಸ, ಮಕ್ಕಳದಲ್ಲ. "ಮಣ್ಣು ಕೆಲಸಕ್ಕೆ ಮಗುವನ್ನು ಶಾಲೆಗೆ ಕಳಿಸಿಲ್ಲ" ಎಂದು ಪಾಲಕರು ಆಕ್ಷೇಪಿಸಿದರೆ ಅದನ್ನು ತಿಳಿಗೇಡಿತನವೆಂದು ತಳ್ಳಿಹಾಕಬಾರದು. ಅಂಥ ಮಾತಿನ ಹಿಂದೆ ತಲೆಮಾರುಗಳ ಅನುಭವವಿರುತ್ತದೆ. ಅವರನ್ನು ಕರೆದು ಬಾಟಲಿಗಳನ್ನೂ ಮಕ್ಕಳ ಲೆಕ್ಕದ ಪುಸ್ತಕವನ್ನೂ ತೋರಿಸುವುದೇ ಸರಿಯಾದ ಉತ್ತರ.

ಸುರಕ್ಷತೆಯ ವಿಷಯದಲ್ಲಿ ಸಡಿಲಿಕೆಗೆ ಎಡೆಯಿಲ್ಲ. ಕೃಷಿ ಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ನೀರಿರುವ ಹೊಂಡದ ಬಳಿಗೆ ಮಕ್ಕಳನ್ನು ಕರೆದೊಯ್ಯಲೇಬಾರದು. ಒಣ ಹೊಂಡವಾದರೂ ಅಂಚಿನಿಂದ ಎರಡು ಮೀಟರ್ ಹಿಂದೆ ಹಗ್ಗ ಕಟ್ಟಿ, ಮಕ್ಕಳನ್ನು ಹಗ್ಗದಾಚೆ ನಿಲ್ಲಿಸಿ, ಪ್ರತಿ ಪದರದ ಹೆಂಟೆಯನ್ನು ಎಂಜಿನಿಯರರೋ ಕಾಯಕಬಂಧುವೋ ಮೇಲೆ ತಂದು ಕೊಡುವ ವ್ಯವಸ್ಥೆಯಾಗಬೇಕು. ನೆನೆದ ಎರೆಯ ಗೋಡೆ ಮುನ್ಸೂಚನೆಯಿಲ್ಲದೆ ಕುಸಿಯುತ್ತದೆ. ಮಳೆಯಾದ ದಿನಗಳಲ್ಲಿ ಶಾಲೆಯ ಗುಂಡಿಗೂ ಇಳಿಯುವಂತಿಲ್ಲ, ಪಾಠವಿಲ್ಲದ ಹೊತ್ತಿನಲ್ಲಿ ಅದಕ್ಕೆ ಹಲಗೆಯ ಮುಚ್ಚಳವೂ ಸುತ್ತ ಬೇಲಿಯೂ ಇರಬೇಕು. ಬೇಸಿಗೆಯ ಬಿರುಕುಗಳಲ್ಲಿ ಚೇಳು, ಹಾವುಗಳಿರುವುದರಿಂದ ಅವುಗಳೊಳಗೆ ಕೈ ಹಾಕದೆ ಕಡ್ಡಿಯಿಂದಲೇ ಆಳ ಅಳೆಯಬೇಕು. ಕೀಟನಾಶಕ ಸಿಂಪಡಿಸಿದ ಹೊಲ, ಶೌಚಗುಂಡಿಯ ಸುತ್ತಲಿನ ನೆಲ ಬೇಡ. ಬಿಸಿಯೂಟಕ್ಕೆ ಮುನ್ನ ಸೋಪಿನಿಂದ ಉಗುರುಸಂದಿಯವರೆಗೆ ಕೈ ತೊಳೆಯಿಸುವುದು ಶಿಕ್ಷಕರ ಹೊಣೆ.

ಮಕ್ಕಳ ಗ್ರಾಮಸಭೆಗೆ

ಸಮಯ ಎಲ್ಲಿದೆ ಎಂಬ ಪ್ರಶ್ನೆ ಸಹಜ. ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ ಆರರಿಂದ ಎಂಟನೆಯ ತರಗತಿಗಳಿಗೆ ಹೇಳಿರುವ ಹತ್ತು ಬ್ಯಾಗ್ ರಹಿತ ದಿನಗಳಾಗಲಿ, ರಾಜ್ಯದ ಶಾಲೆಗಳಲ್ಲಿ ನಡೆಯುವ ಸಂಭ್ರಮ ಶನಿವಾರವಾಗಲಿ ಈ ಕೆಲಸಕ್ಕೆ ಒದಗುತ್ತವೆ. ಬಾಟಲಿಯ ಪರೀಕ್ಷೆ ವಿಜ್ಞಾನದ ಅವಧಿಯಲ್ಲಿ, ಟ್ರ್ಯಾಕ್ಟರಿನ ಲೆಕ್ಕ ಗಣಿತದ ಅವಧಿಯಲ್ಲಿ ಮುಗಿಯುವಂಥವು.

ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಗೆ ಮಕ್ಕಳು ತಮ್ಮ ಬಾಟಲಿಗಳನ್ನು, ಬಿರುಕಿನ ಅಳತೆಯನ್ನು, ಸರಳುಗಳ ಲೆಕ್ಕವನ್ನು ತರಲಿ. ಅಲ್ಲಿ ಸಾಮಾನ್ಯವಾಗಿ ಆಟದ ಮೈದಾನ, ಶೌಚಾಲಯ, ಬೀದಿದೀಪಗಳ ಬೇಡಿಕೆ ಬರುತ್ತದೆ, ಬರಲೇಬೇಕು. ಅದರೊಂದಿಗೆ ಇಂಥ ಸರ್ವೆ ನಂಬರಿನ ಕೆಳಗಿನ ಬದು ಕಳೆದ ಮಳೆಗೆ ಏಕೆ ಒಡೆಯಿತು, ಚೆಕ್ ಡ್ಯಾಮಿನಲ್ಲಿ ಇಷ್ಟು ಹೂಳು ತುಂಬಿರುವಾಗ ತೆಗೆಯುವುದು ಯಾವಾಗ ಎಂಬ ಪ್ರಶ್ನೆಗಳೂ ಅಳತೆಸಹಿತ ಬಂದರೆ ಪಂಚಾಯಿತಿಯು ಅವುಗಳನ್ನು ನಡವಳಿಯಲ್ಲಿ ದಾಖಲಿಸಿ, ಲಿಖಿತ ಉತ್ತರ ನೀಡತಕ್ಕದ್ದು. ಮಕ್ಕಳ ಅಳತೆಯಲ್ಲಿ ತಪ್ಪಿದೆ ಎನಿಸಿದರೆ ತಾಂತ್ರಿಕ ಸಹಾಯಕರು ಅವರೊಡನೆ ಸ್ಥಳಕ್ಕೆ ಹೋಗಿ ಮತ್ತೊಮ್ಮೆ ಅಳೆಯಲಿ.

ಬಾಟಲಿಗಳ ಮೇಲೆ ಸ್ಥಳ, ಆಳ, ದಿನಾಂಕ ಬರೆದು ಶಾಲೆಯ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡಬೇಕು. ಅಳತೆಯ ಪುಸ್ತಕವು ಶಾಲೆಯ ದಾಖಲೆಯಾಗಿ ಉಳಿಯಬೇಕು, ಶಿಕ್ಷಕರು ವರ್ಗಾವಣೆಯಾದರೂ ಅದು ವರ್ಗಾವಣೆಯಾಗಬಾರದು. ಬೇಸಿಗೆ ರಜೆಯ ನಂತರ ಶಾಲೆ ತೆರೆದಾಗ ಗುಂಡಿಯ ಗೋಡೆ ಒಣಗಿ ಮಸುಕಾಗಿರುತ್ತದೆ. ಚೂರಿಯಿಂದ ಒಂದು ಅಂಗುಲ ಕೆರೆದರೆ ಹೊಸ ಮೈ ಕಾಣುತ್ತದೆ, ಆರನೆಯ ತರಗತಿಗೆ ಬಂದ ಮಕ್ಕಳು ಅಲ್ಲಿಂದ ತೊಡಗಬಹುದು.